‘ಸ್ಕ್ವಾಂಡರ್’ ಮತ್ತು ನಮ್ಮ ‘ಚೆಲ್ಲು’

ಇಂಗ್ಲಿಷಿನ ‘ಸ್ಕ್ವಾಂಡರ್’ ಎಂಬ ಕ್ರಿಯಾಪದಕ್ಕೆ ಇಂದು ಯಾರನ್ನು ಕೇಳಿದರೂ ಒಂದೇ ಅರ್ಥ ಹೇಳುತ್ತಾರೆ: ದುಂದು ಮಾಡು, ಪೋಲು ಮಾಡು. ಅಪ್ಪನ ಆಸ್ತಿಯನ್ನೂ ಗೆಲ್ಲಬೇಕಿದ್ದ ಪಂದ್ಯವನ್ನೂ ಹೀಗೆಯೇ ಕಳೆಯುವುದು. ಆದರೆ ಹದಿನಾರನೆಯ ಶತಮಾನದ ಕೊನೆಯಲ್ಲಿ ಶೇಕ್ಸ್‌ಪಿಯರ್ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಶೈಲಾಕನ ಬಾಯಲ್ಲಿ ಈ ಪದ ಇಟ್ಟಾಗ ಅರ್ಥ ಬೇರೆ ಇತ್ತು. ಆಂಟೋನಿಯೊನ ಹಡಗುಗಳು ಟ್ರಿಪೊಲಿ, ಇಂಡೀಸ್, ಮೆಕ್ಸಿಕೊ, ಇಂಗ್ಲೆಂಡ್ ಎಂದು ದಿಕ್ಕಿಗೊಂದರಂತೆ ಹೋಗಿವೆ. ಸಾಲ ಕೊಡುವ ಮುನ್ನ ಶೈಲಾಕ ಅವನ್ನು ಲೆಕ್ಕ ಹಾಕುತ್ತಾನೆ. ಅಲ್ಲಿ ಆ ಪದ ಹೇಳುವುದು ಹಡಗುಗಳು ಚದುರಿವೆ ಎಂದಷ್ಟೇ. ಒಂದೂ ಇನ್ನೂ ಮುಳುಗಿಲ್ಲ. ಆದರೂ ಸಾಲಿಗನ ದನಿಯಲ್ಲಿ ಒಂದು ಕೊಂಕು ಕೇಳಿಸುತ್ತದೆ. ಪದ ಮುಂದೆ ವಾಲಿದ್ದು ಆ ಕೊಂಕಿನ ಕಡೆಗೇ.

ಇದು ಇಂಗ್ಲಿಷಿಗೆ ಮಾತ್ರ ಆದದ್ದಲ್ಲ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ದುಂದುಗಾರ ಮಗನ ಕಥೆ ಬರುತ್ತದೆ. ಪಾಲು ತೆಗೆದುಕೊಂಡು ದೂರದೇಶಕ್ಕೆ ಹೋದವನು ಆಸ್ತಿಯನ್ನು ಏನು ಮಾಡಿದ? ಗ್ರೀಕ್ ಮೂಲದಲ್ಲಿ ಅಕ್ಷರಶಃ ‘ಚದುರಿಸಿದ’. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಇದೇ ಕ್ರಿಯಾಪದ ಹೊಲದ ಕೆಲಸದ ಮಾತಾಗಿ, ಬಿತ್ತುವುದರ ಪಕ್ಕದಲ್ಲೇ ನಿಲ್ಲುತ್ತದೆ. ಲೂಕನ ಈ ಮಾತನ್ನು ಲ್ಯಾಟಿನ್ ಬೈಬಲ್ ‘ದಿಸ್ಸಿಪಾವಿತ್’ ಎಂದಿತು. ಇಂಗ್ಲಿಷಿನ ‘ಡಿಸಿಪೇಟ್’ ಈ ಲ್ಯಾಟಿನ್ ಧಾತುವಿನದು. ಮಂಜು ಕರಗುವುದಕ್ಕೂ ಆಸ್ತಿ ಕರಗುವುದಕ್ಕೂ ಅಲ್ಲಿ ಒಂದೇ ಮಾತು.

ನಮ್ಮ ‘ಚೆಲ್ಲು’ ಇಷ್ಟು ಬೇಗ ತೀರ್ಪು ಕೊಡುವುದಿಲ್ಲ. ಗದ್ದೆಗೆ ಬೀಜ ಚೆಲ್ಲುತ್ತೇವೆ, ಬೆಳಗ್ಗೆದ್ದು ಅಂಗಳಕ್ಕೆ ನೀರು ಚೆಲ್ಲುತ್ತೇವೆ. ಬೆಳದಿಂಗಳು ಚೆಲ್ಲುತ್ತದೆ, ನಗೆಯೂ ಚೆಲ್ಲುತ್ತದೆ. ಹಾಲು ಚೆಲ್ಲಿದರೆ ಮಾತ್ರ ಅಮ್ಮನ ಮುಖ ನೋಡಬೇಕಾಗುತ್ತದೆ. ಹಣವನ್ನು ನೀರಿನಂತೆ ಚೆಲ್ಲಿದ ಎಂದಾಗ ಬೈಗುಳ ಬರುವುದು ಹಣದಿಂದ, ಕ್ರಿಯಾಪದದಿಂದಲ್ಲ. ಚೆನ್ನೈಗೆ ಬಂದವರು ಮೊದಲ ವಾರದಲ್ಲೇ ಕಲಿಯುವ ‘ಸೆಲವು’ ಇನ್ನೂ ಸಾಧು. ‘ಸೆಲ್’ ಎಂದರೆ ಹೋಗು. ಖರ್ಚೆಂದರೆ ಹೊರಟುಹೋದದ್ದು, ಅಷ್ಟೇ. ಕನ್ನಡದ ‘ಸಲ್ಲು’ ಅದರ ಒಡಹುಟ್ಟು. ಸಲ್ಲದ ನೋಟಿಗೆ ತಮಿಳರೂ ಇದೇ ಧಾತು ಬಳಸುತ್ತಾರೆ.

ಇಂಥ ಪದಗಳನ್ನು ಇಂಗ್ಲಿಷಿನ ಎದುರಿಗಿಟ್ಟು ತೂಗುವ ಕೆಲಸ ದೊಡ್ಡದಾಗಿ ನಡೆದದ್ದು ಚೆನ್ನೈಯಲ್ಲೇ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್‌ನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು, ಕನ್ನಡ–ಇಂಗ್ಲಿಷ್ ಭಾಗ 1832ರಲ್ಲಿ. ಆಗ ಬಳ್ಳಾರಿಗೂ ಮಂಗಳೂರಿಗೂ ರಾಜಧಾನಿ ಈ ಊರೇ. ಕಿಟ್ಟೆಲ್‌ರ ಮಹಾನಿಘಂಟು ಮಾತ್ರ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಬಂತು.

ಆಮೇಲೆ ನಕ್ಷೆ ಬದಲಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರಿನಲ್ಲಿ ದಕ್ಷಿಣ ಕನ್ನಡವೂ ಹೋಯಿತು, ಕಾಸರಗೋಡು ಕೇರಳದ ಪಾಲಾಯಿತು. ಮದರಾಸಿನಲ್ಲಿ ಉಳಿದ ಕನ್ನಡ ನಂಟರಿಲ್ಲದ ಮನೆಯಂತಾಯಿತು. ಮಕ್ಕಳು ಬೆಂಗಳೂರು, ಚೆನ್ನೈ, ದುಬೈ ಎಂದು ಹೋದ ಮನೆಯ ಹಿರಿಯರು ‘ಎಲ್ಲ ಚೆಲ್ಲಾಪಿಲ್ಲಿ ಆಗೋಯ್ತು’ ಎನ್ನುತ್ತಾರಲ್ಲ, ಹಾಗೆ. ಆ ಮಾತಿನಲ್ಲಿ ದೂರು ಎಷ್ಟು, ಬರೀ ವರದಿ ಎಷ್ಟು ಎಂದು ನನಗೆ ಇನ್ನೂ ಬಿಡಿಸಲಾಗಿಲ್ಲ.

ಹಾಗೆ ನೋಡಿದರೆ ಕನ್ನಡ ಜಿಲ್ಲೆಗಳಿಲ್ಲದ ರಾಜ್ಯದ ವಿಶ್ವವಿದ್ಯಾಲಯ ಕನ್ನಡ ನಿಘಂಟಿಗೆ ದುಡ್ಡು ಹಾಕುವುದು ಶುದ್ಧ ಪೋಲು. ಮದರಾಸು ವಿಶ್ವವಿದ್ಯಾಲಯ ಹಾಕಿತು. ಎಂ. ಮರಿಯಪ್ಪ ಭಟ್ಟರು ಶಂಕರ ಕೆದಿಲಾಯರ ಜೊತೆ ಸೇರಿ ಮಾಡಿದ ತುಳು–ಇಂಗ್ಲಿಷ್ ನಿಘಂಟು 1967ರಲ್ಲಿ ಇಲ್ಲಿಂದಲೇ ಹೊರಬಂತು. ಮರುವರ್ಷದಿಂದ, ಭಟ್ಟರೇ ಪರಿಷ್ಕರಿಸಿ ವಿಸ್ತರಿಸಿದ ಕಿಟ್ಟೆಲ್ ನಿಘಂಟು ಸಂಪುಟ ಸಂಪುಟವಾಗಿ ಬರತೊಡಗಿತು. ನಾಲ್ಕನೆಯದು ಮುಗಿದದ್ದು 1971ರಲ್ಲಿ, ದಕ್ಷಿಣ ಕನ್ನಡ ಮದರಾಸಿನ ಕೈಬಿಟ್ಟು ಹದಿನೈದು ವರ್ಷವಾದ ಮೇಲೆ.