ಅಜ್ಜಿಯ ರೂಪಾಯಿಯಲ್ಲಿ ಅಮೆರಿಕದ ಡಾಲರು



ವರಮಹಾಲಕ್ಷ್ಮಿ ಹಬ್ಬದ ಮರುದಿನ ದ್ವಾರಕಾದಿಂದ ಹಿರಿಯ ಕೇಳುಗರೊಬ್ಬರು ಫೋನ್ ಮಾಡಿದ್ದರು. ಕಲಶಕ್ಕೆ ಹಾಕುವ ಹಳೇ ಬೆಳ್ಳಿ ರೂಪಾಯಿ ಮನೆಯಲ್ಲಿ ಹನ್ನೊಂದಿವೆಯಂತೆ. ದರೀಬಾ ಕಲಾಂಗೆ ಕೊಂಡೊಯ್ದು ಕರಗಿಸಿ, ಅಮೆರಿಕದಲ್ಲಿರುವ ಮೊಮ್ಮಗಳಿಗೆ ಗೆಜ್ಜೆ ಮಾಡಿಸಲೇ ಎಂದು ಕೇಳಿದರು. "ಇಸವಿ ನೋಡಿ ಹೇಳಿ ಅಮ್ಮಾ" ಎಂದೆ. ಹೆಚ್ಚಿನವು 1918. ಉತ್ತರ ಹೊಳೆಯದೆ ಒಂದು ಹಾಡು ಹಾಕಿ ತಪ್ಪಿಸಿಕೊಂಡೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

1918 ಸಾಮಾನ್ಯ ವರ್ಷವಲ್ಲ. ಮೊದಲ ಮಹಾಯುದ್ಧಕ್ಕೆ ನಮ್ಮಿಂದ ಧಾನ್ಯ, ಸೆಣಬು, ಸೈನಿಕರು ಎಲ್ಲವೂ ಹೋಗುತ್ತಿತ್ತು. ಮಾಲು ಕೊಟ್ಟವರಿಗೆ ಬೇಕಾಗಿದ್ದದ್ದು ಬೆಳ್ಳಿ. ಸರ್ಕಾರ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹೊರಡಿಸಿ ನೋಡಿತು. ಕಾಗದವನ್ನು ನಂಬುವವರು ಯಾರು? ಜನ ನೋಟು ಹಿಡಿದು ಬೊಂಬಾಯಿಯ ಕರೆನ್ಸಿ ಕಚೇರಿಗೆ ಹೋಗಿ ಬೆಳ್ಳಿ ಕೇಳತೊಡಗಿದರು. ಖಜಾನೆ ಬರಿದಾಗುತ್ತಾ ಬಂತು. ಕೊಡಲಾಗದು ಎಂದರೆ ಸರ್ಕಾರದ ಮಾತಿಗೇ ಬೆಲೆ ಹೋಗುತ್ತಿತ್ತು, ಅದೂ ಯುದ್ಧದ ನಡುವೆ.

ಬ್ರಿಟನ್ ಅಮೆರಿಕದ ಕಡೆ ನೋಡಿತು. ಅಲ್ಲಿ ಕಥೆ ಉಲ್ಟಾ! 1878ರಿಂದ ರಾಶಿ ರಾಶಿ ಬೆಳ್ಳಿ ಡಾಲರು ಟಂಕಿಸಿದ್ದರು. ಚಿತ್ರ ಕೆತ್ತಿದ ಜಾರ್ಜ್ ಮಾರ್ಗನ್ ಹೆಸರಿನಿಂದ ಅವಕ್ಕೆ ಮಾರ್ಗನ್ ಡಾಲರ್ ಎನ್ನುತ್ತಾರೆ. ಅಮೆರಿಕನ್ನರು ಹಗುರವಾದ ನೋಟನ್ನೇ ಇಷ್ಟಪಟ್ಟಿದ್ದರಿಂದ ನಾಣ್ಯಗಳು ಚೀಲದಲ್ಲೇ ಬಿದ್ದಿದ್ದವು. 1918ರ ಏಪ್ರಿಲ್ 23ರಂದು ಪಿಟ್‌ಮನ್ ಕಾಯ್ದೆ ಬಂತು. ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನದು. 35 ಕೋಟಿ ಡಾಲರುಗಳವರೆಗೆ ಕರಗಿಸಲು ಅನುಮತಿ. ಕರಗಿದ್ದು 27,02,32,722. ಅದರಲ್ಲಿ 25,91,21,554 ಡಾಲರುಗಳ ಬೆಳ್ಳಿ ಭಾರತದ ಪಾಲಿಗೆ. ಸುಮಾರು 20 ಕೋಟಿ ಔನ್ಸ್! ಬೊಂಬಾಯಿ, ಕಲ್ಕತ್ತಾ ಟಂಕಸಾಲೆಗಳಲ್ಲಿ ಅದು ಐದನೇ ಜಾರ್ಜನ ಮುಖ ಹೊತ್ತಿತು. ಒಂದು ಡಾಲರಿನ ಬೆಳ್ಳಿಯಿಂದ ಎರಡೂಕಾಲು ರೂಪಾಯಿ ಆಗುತ್ತದೆ. ಇಂಥ ರೂಪಾಯಿಯಲ್ಲಿ ಇಷ್ಟು ಅಮೆರಿಕದ ಬೆಳ್ಳಿ ಎಂದು ಯಾವ ಅಕ್ಕಸಾಲಿಗನೂ ಹೇಳಲಾರ, ಆ ಮಾತು ಬೇರೆ.

ಇದರ ಪೆಟ್ಟು ಬಿದ್ದದ್ದು ಅಮೆರಿಕದ ನಾಣ್ಯ ಸಂಗ್ರಾಹಕರಿಗೆ. ಯಾವ ಇಸವಿಯ ಡಾಲರು ಎಷ್ಟು ಕರಗಿತು ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಹಾಗಾಗಿ ಎಷ್ಟು ಟಂಕಿಸಿದರು ಎಂದು ಪುಸ್ತಕ ನೋಡಿದರೆ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ. 1895ರಲ್ಲಿ ಫಿಲಡೆಲ್ಫಿಯಾದಲ್ಲಿ 12,000 ಸಾಧಾರಣ ಡಾಲರು ಆಯಿತೆಂದು ದಾಖಲೆಯಿದೆ. ಒಂದೂ ಸಿಕ್ಕಿಲ್ಲ. ಸಿಗುವುದೆಲ್ಲ ಸಂಗ್ರಾಹಕರಿಗೆಂದೇ ಹೊಳಪಿನಿಂದ ಮಾಡಿದ 880 ಮಾತ್ರ. ಉಳಿದವು ಕರಗಿದವೋ, ಟಂಕಿಸಲೇ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕರಗಿದ್ದೇ ನಿಜವಾದರೆ ಅವು ನಮ್ಮ ಅಜ್ಜಿಯರ ಡಾಬಿನಲ್ಲಿ ಸೇರಿರಲೂಬಹುದಲ್ಲ!

ಈಗ ದ್ವಾರಕಾದ ಅಮ್ಮನ ಪ್ರಶ್ನೆ. 1918ರ ರೂಪಾಯಿ ಧಾರಾಳವಾಗಿ ಸಿಗುತ್ತದೆ, ಅಪರೂಪ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದರ ತೂಕ 11.66 ಗ್ರಾಂ, ಹನ್ನೊಂದಕ್ಕೆ ಸುಮಾರು 128 ಗ್ರಾಂ. ಮಗುವಿನ ಗೆಜ್ಜೆಗೆ ಬೇಕಾದಷ್ಟು. ಆದರೂ ಒಂದೆರಡು ಉಳಿಸಿಕೊಳ್ಳಿ ಎನ್ನುತ್ತೇನೆ. ಹಿಂಬದಿಯ ಕೆಳಗಿನ ತಾವರೆಯ ಅಡಿಯಲ್ಲಿ ಸಣ್ಣ ಚುಕ್ಕೆ ಇದ್ದರೆ ಬೊಂಬಾಯಿಯದು, ಇಲ್ಲದಿದ್ದರೆ ಕಲ್ಕತ್ತಾದ್ದು. ಎರಡರಲ್ಲೂ ಒಂದೊಂದು ಇಟ್ಟುಕೊಂಡರೆ ಚೆಂದ. ಹಾಗೇ ನಾಣ್ಯವನ್ನೇ ಮೊಮ್ಮಗಳಿಗೆ ಕಳಿಸುವ ಯೋಚನೆ ಬೇಡ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ದೇಶದಾಚೆ ಒಯ್ಯುವಂತಿಲ್ಲ.

ಕರಗಿಸುವ ಮುಂಚೆ 1911 ಇದೆಯೇ ಎಂದು ಮಾತ್ರ ನೋಡಲೇಬೇಕು. ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಮೊಟಕಾಗಿ ಹಂದಿಯಂತೆ ಕಂಡು ಗಲಾಟೆಯಾಗಿತ್ತು. ಬಹುಪಾಲು ವಾಪಸು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿದರು. ಉಳಿದವಕ್ಕೆ ಒಳ್ಳೆಯ ಬೆಲೆಯಿದೆ.

ಇಷ್ಟನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಹನ್ನೊಂದರಲ್ಲಿ ಒಂದರ ಇಸವಿಯ ಕೊನೆಯ ಅಂಕಿ ಸವೆದುಹೋಗಿದೆಯಂತೆ. ಭೂತಗನ್ನಡಿ ಹಿಡಿದು ಸೊಂಡಿಲು ಹುಡುಕುತ್ತಿದ್ದಾರೆ.