ಸೊಮಾಲಿಯಾ: ಬರ, ಕದನದ ನಂತರದ ಜೀವನೋಪಾಯ

ಆಫ್ರಿಕದ ಕೊಂಬಿನ ಈ ದೇಶದಲ್ಲಿ 1991ರಲ್ಲಿ ಕೇಂದ್ರ ಸರ್ಕಾರ ಕುಸಿದ ಮೇಲೆ ಬರವೂ ಅಂತರ್ಯುದ್ಧವೂ ಒಂದರ ಬೆನ್ನಿಗೆ ಇನ್ನೊಂದು ಬಂದಿವೆ. 2011ರ ಜುಲೈನಲ್ಲಿ ವಿಶ್ವಸಂಸ್ಥೆ ದಕ್ಷಿಣದಲ್ಲಿ ಕ್ಷಾಮ ಘೋಷಿಸಿತು. ಸತ್ತವರು ಸುಮಾರು 2.6 ಲಕ್ಷವೆಂದು ಅಂದಾಜು. ಅರ್ಧದಷ್ಟು ಮಂದಿ ಐದು ವರ್ಷದೊಳಗಿನ ಮಕ್ಕಳು. ಮುನ್ನೆಚ್ಚರಿಕೆ ತಿಂಗಳುಗಳ ಮೊದಲೇ ಬಂದಿತ್ತು ಎಂಬುದು ಅತ್ಯಂತ ನೋವಿನ ಸಂಗತಿ. ಶಬೆಲ್ಲೆ, ಜುಬ್ಬಾ ನದಿ ದಂಡೆಯ ಸಣ್ಣ ರೈತ ಬಿತ್ತನೆಗೆಂದು ಇಟ್ಟ ಜೋಳವನ್ನೇ ಬೇಯಿಸಿ ಉಂಡು, ಕೊನೆಯ ಆಡನ್ನೂ ಮಾರಿ ಶಿಬಿರದ ದಾರಿ ಹಿಡಿದ ಮೇಲೆ ಮಳೆ ಬಂದರೂ ಬಿತ್ತಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಆಡು, ಬೀಜ, ಬಲೆ ಕೈತಪ್ಪುವ ಮುನ್ನವೇ ನಗದು ಕೈಸೇರಬೇಕು. ತಡವಾಗಿ ಬರುವ ಧಾನ್ಯ ಜೀವ ಉಳಿಸೀತು, ಬದುಕನ್ನಲ್ಲ.

ನಗದು ಸಶಸ್ತ್ರ ಗುಂಪುಗಳ ಪಾಲಾಗುತ್ತದೆ, ಬೆಲೆ ಏರಿಸುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕೆಲವೆಡೆ ಫಲಾನುಭವಿಗಳಿಂದ ವಸೂಲಿ ನಡೆದದ್ದು ನಿಜ. ಆದರೆ ಧಾನ್ಯದ ಲಾರಿಗಳೂ ಲೂಟಿಯಾಗಿವೆ. 2011ರ ಕ್ಷಾಮದಲ್ಲಿ ನಂಬಿಕೆಯ ಮೇಲೆ ಹಣ ರವಾನಿಸುವ ಹವಾಲಾ ವರ್ತಕರ ಜಾಲ ಲಾರಿ ಹೋಗಲಾರದ ಊರುಗಳಿಗೂ ಹಣ ಮುಟ್ಟಿಸಿತು, ಆಮದು ವ್ಯಾಪಾರ ಜೀವಂತವಿದ್ದಲ್ಲಿ ಅಂಗಡಿಗೆ ದಿನಸಿ ಬಂತು. ಸಂತೆಯೇ ಸತ್ತ ಕಡೆ ಧಾನ್ಯವನ್ನೇ ಕೊಡಬೇಕು.

ಕರಾವಳಿಯ ಪಾಠ ಇನ್ನೂ ಹಳೆಯದು. 1974-75ರ ದಬದೇರ್ ಬರದ ನಂತರ ಸರ್ಕಾರ ಅಲೆಮಾರಿ ಪಶುಪಾಲಕರನ್ನು ಕಡಲೂರುಗಳಿಗೆ ತಂದು ಮೀನುಗಾರಿಕೆ ಕಲಿಸಿತು. ಮಳೆ ಮರಳಿದಾಗ ಹಲವರು ಮತ್ತೆ ಹಿಂಡು ಕಟ್ಟಲು ಹೊರಟರು. ಹಾಗಾಗಿ ದೋಣಿ ಕೊಟ್ಟರಷ್ಟೇ ಸಾಲದು. ಹಿಡಿದ ಮೀನಿಗೆ ಮಂಜುಗಡ್ಡೆ, ಪೇಟೆಗೆ ರಸ್ತೆ, 1991ರ ನಂತರ ಕಾವಲಿಲ್ಲದ ಕಡಲಿಗೆ ನುಗ್ಗಿದ ವಿದೇಶಿ ಟ್ರಾಲರ್‌ಗಳಿಗೆ ತಡೆ, ಇವೂ ಬೇಕು.