ಮತ್ತೆ ಮತ್ತೆ ಕಂಪೈಲ್: ಮೇಕ್ ಮತ್ತು ಸಿಕ್ಯಾಶ್ ಕುರಿತು ಒಂದು ಟಿಪ್ಪಣಿ

ಪ್ರೋಗ್ರಾಮರ್ ತನ್ನ ಕಂಪ್ಯೂಟರ್ ನಿಧಾನವೆಂದು ದೂರಿದರೆ ತಕ್ಷಣ ಸಿಗುವ ಸಲಹೆ: ರ‍್ಯಾಮ್ ಏರಿಸಿ, ಎಸ್‌ಎಸ್‌ಡಿ ಹಾಕಿಸಿ. ಹಳೆಯ ಹಾರ್ಡ್‌ಡಿಸ್ಕ್ ಇಟ್ಟುಕೊಂಡವರಿಗೆ ಅದು ಸರಿಯೇ. ಆದರೆ ಸಿ, ಸಿ++ನಲ್ಲಿ ಬರೆದ ದೊಡ್ಡ ತಂತ್ರಾಂಶಗಳಲ್ಲಿ ಬಹಳಷ್ಟು ಹೊತ್ತು ಕಳೆಯುವುದು ಒಮ್ಮೆ ಮುಗಿದ ಕಂಪೈಲನ್ನೇ ಮತ್ತೆ ಮಾಡುವುದರಲ್ಲಿ.

ಇದನ್ನು ತಪ್ಪಿಸಲು ನಾವು ಬಳಸುವ ಮೇಕ್ ಹುಟ್ಟಿದ್ದು ವೇಗಕ್ಕಾಗಿ ಅಲ್ಲ ಎಂಬುದು ಗಮನಾರ್ಹ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಬರೆದ ಸ್ಟುವರ್ಟ್ ಫೆಲ್ಡ್‌ಮನ್ ಕೊಡುವ ಕಾರಣ ಹೀಗಿದೆ: ಯಾಕ್ ಎಂಬ ತಂತ್ರಾಂಶ ರಚಿಸಿದ ಸ್ಟೀವ್ ಜಾನ್ಸನ್ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಒಂದು ಬೆಳಗನ್ನೇ ಕಳೆದಿದ್ದರು. ದೋಷವನ್ನು ತಿದ್ದಿಯಾಗಿತ್ತು, ಆ ಫೈಲ್ ಮಾತ್ರ ಮರುಕಂಪೈಲ್ ಆಗಿರಲಿಲ್ಲ.

ಮೇಕ್ ನೋಡುವುದು ಫೈಲಿನ ಸಮಯಮುದ್ರೆಯನ್ನು, ಒಳಗಿರುವುದನ್ನಲ್ಲ. ಗಿಟ್‌ನಲ್ಲಿ ಬ್ರಾಂಚ್ ಬದಲಿಸಿ, ಮತ್ತೆ ಮೊದಲಿನದಕ್ಕೆ ಬಂದರೆ, ಎರಡರ ನಡುವೆ ವ್ಯತ್ಯಾಸವಿದ್ದ ಫೈಲುಗಳಿಗೆ ಹೊಸ ಸಮಯ ಬಿದ್ದಿರುತ್ತದೆ. ಅವುಗಳಲ್ಲಿ ಎಲ್ಲ ಫೈಲುಗಳೂ ಸೇರಿಸಿಕೊಳ್ಳುವ ಹೆಡರ್ ಒಂದಿದ್ದರಂತೂ ಮುಗಿಯಿತು, ಅಕ್ಷರವೂ ಬದಲಾಗದಿದ್ದರೂ ನೂರಾರು ಫೈಲುಗಳು ಮರುಕಂಪೈಲಿಗೆ ಸಾಲುಗಟ್ಟುತ್ತವೆ.

ಸಾಂಬಾ ತಂತ್ರಾಂಶದ ಆಂಡ್ರ್ಯೂ ಟ್ರಿಡ್ಜೆಲ್ ಬರೆದ ಸಿಕ್ಯಾಶ್ ನೆರವಿಗೆ ಬರುವುದು ಇಲ್ಲಿ. ಪ್ರೀಪ್ರೊಸೆಸರ್ ಬಿಚ್ಚಿಟ್ಟ ಪಠ್ಯ, ಕಂಪೈಲರ್, ಅದಕ್ಕೆ ಕೊಟ್ಟ ಆಯ್ಕೆಗಳು, ಇವೆಲ್ಲದರ ಹ್ಯಾಶ್ ತೆಗೆದು, ಹಿಂದೆ ಅದೇ ಹ್ಯಾಶ್ ಬಂದಿದ್ದರೆ ಉಳಿಸಿಟ್ಟ ಆಬ್ಜೆಕ್ಟ್ ಫೈಲನ್ನೇ ಕೊಡುತ್ತದೆ. 2010ರ 3.0 ಆವೃತ್ತಿಯಿಂದ ಪ್ರೀಪ್ರೊಸೆಸರನ್ನೂ ಎಷ್ಟೋ ಸಲ ಓಡಿಸಬೇಕಿಲ್ಲ. ಮೂಲ ಫೈಲು ಮತ್ತು ಹೆಡರ್‌ಗಳ ಹ್ಯಾಶ್ ಸಾಕು.

ಇಷ್ಟಾದರೂ ಕ್ಯಾಶ್ ಕೈಕೊಡುವುದುಂಟು, ಅದೂ ಕ್ಷುಲ್ಲಕ ಕಾರಣಕ್ಕೆ. ಯಾರೋ ಆವೃತ್ತಿ ತೋರಿಸಲೆಂದು ಕೋಡಿನಲ್ಲಿ ‘__ಟೈಮ್__’ ಮ್ಯಾಕ್ರೋ ಬಳಸಿದ್ದರೆ ಆ ಫೈಲಿನ ಹ್ಯಾಶ್ ಪ್ರತಿ ಸಲ ಬೇರೆಯಾಗುತ್ತದೆ. ಡೀಬಗ್ ಮಾಹಿತಿಯಲ್ಲಿ ಫೋಲ್ಡರಿನ ಪೂರ್ಣ ವಿಳಾಸ ಸೇರುವುದರಿಂದ, ಒಂದೇ ಕೋಡಿನ ಎರಡು ಪ್ರತಿಗಳು ಬೇರೆಬೇರೆ ಫೋಲ್ಡರ್‌ಗಳಲ್ಲಿದ್ದರೆ ಸೆಟ್ಟಿಂಗ್ ಬದಲಿಸದ ಹೊರತು ಒಂದರ ಫಲ ಇನ್ನೊಂದಕ್ಕೆ ದಕ್ಕದು.

ಆಬ್ಜೆಕ್ಟ್ ಫೈಲುಗಳನ್ನು ಜೋಡಿಸುವ ಲಿಂಕಿಂಗ್ ಹಂತವನ್ನು ಸಿಕ್ಯಾಶ್ ಮುಟ್ಟುವುದೇ ಇಲ್ಲ. ಆ ಹೊರೆ ಇಳಿಸಲು ಬಂದವು 2008ರಲ್ಲಿ ಇಯಾನ್ ಲ್ಯಾನ್ಸ್ ಟೇಲರ್ ಅವರ ಗೋಲ್ಡ್, 2021ರಲ್ಲಿ 1.0 ಆವೃತ್ತಿ ಕಂಡ ರುಯಿ ಉಯೆಯಾಮಾ ಅವರ ಮೋಲ್ಡ್ ಎಂಬ ಲಿಂಕರ್‌ಗಳು. ಆದ್ದರಿಂದ ಹೊಸ ಯಂತ್ರಾಂಶದ ಖರೀದಿಗೆ ಮುನ್ನ ಒಂದೇ ಫೈಲಿನಲ್ಲಿ ಒಂದು ಸಾಲು ತಿದ್ದಿ, ಬಿಲ್ಡ್ ಓಡಿಸಿ ನೋಡಬೇಕು. ಕೊನೆಯ ಲಿಂಕ್ ಆಜ್ಞೆಯಲ್ಲೇ ಪರದೆ ನಿಂತುಬಿಟ್ಟರೆ ಬದಲಿಸಬೇಕಾದದ್ದು ಲಿಂಕರ್.